ಪರದೆಯ ಮೇಲಿನ ಕಲ್ಲಿನ ತೂಕ

ಗೆಳೆಯರೇ, ಇವತ್ತು ಮೌಸ್ ಬದಲಿಸಲು ಶಹಾಬಾದಿನ ಚನ್ನಬಸಪ್ಪ ಕಾಕಾನ ಕಲ್ಲು ಪಾಲಿಶ್ ಕಾರ್ಖಾನೆಗೆ ಹೋಗಿದ್ದೆ. ಗಿರಾಕಿಗಳಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಪರದೆಯ ಮೇಲೆ ತಿರುಗಿಸಿ ತೋರಿಸುವ ಅವರ ಹಳೆಯ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಓಡದು. ಹಾಗಾಗಿ ಹೋದ ವರ್ಷ ಅದರೊಳಗೊಂದು ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಹಾಕಿ, ಹಳೆಯ ಸಿಸ್ಟಮ್ ಕೂರಿಸಿಕೊಟ್ಟಿದ್ದೆ.

ಪರದೆಯ ಮೇಲೆ ಕಲ್ಲು ತೆವಳುತ್ತ ತಿರುಗುತ್ತಿತ್ತು. ನೋಡಿದರೆ, ಚಿತ್ರಗಳನ್ನು ಚುರುಕಾಗಿ ಓಡಿಸುವ ತ್ರೀಡಿ ಆಕ್ಸಲರೇಶನ್‌ಗೆ ಟಿಕ್ ಹಾಕುವುದನ್ನು ನಾನೇ ಮರೆತಿದ್ದೆ. ಹಾಕಿದೆ. ಕಲ್ಲು ಬುಗುರಿಯಂತೆ ತಿರುಗಿತು.

ಕಾಕಾನ ಮುಖ ಸಪ್ಪಗಾಯಿತು. “ಇದನ್ನ ಹೊಳ್ಳಿಸಲಿಕ್ಕ ನಾಕ್ ಮಂದಿ ಬೇಕು ತಮ್ಮಾ. ಹಿಂಗ ತಿರಗಿದ್ರ ಗಿರಾಕಿ ಕಲ್ಲಂತ ನಂಬಂಗಿಲ್ಲ. ಮೊದಲಿನಂಗ ಮಾಡು.”

“ಮೊದಲ ಸ್ಲೋ ಇತ್ತು ಕಾಕಾ, ತಪ್ಪು ನಂದ.”

“ಸ್ಲೋ ಅಲ್ಲೋ, ಕಲ್ಲು ತಿರಗೋದ ಹಂಗ.”

ಕಲ್ಲು ಹೊರಳಿಸಿ ಗಂಟುಗಟ್ಟಿದ ಅವರ ಬೆರಳು ನೋಡಿ ಟಿಕ್ ತೆಗೆದೆ. ನನ್ನ ಮರೆವಿಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.