ನೋಡೋಣ ಅನ್ನುವ ಮನುಷ್ಯ

ನನ್ನನ್ನು ನೋಡಲು ಮಿರ್ಲೆಯಿಂದ ಗಂಡು ಬರುವ ಹೊತ್ತಿಗೆ ನಮ್ಮ ಮನೆಯ ಹೆಂಗಸರೆಲ್ಲ ಒಂದು ಕಾದಂಬರಿಯ ನಾಯಕನನ್ನು ಮನಸಾರೆ ಬೈಯುವುದರಲ್ಲಿ ಮುಳುಗಿದ್ದರು. ಅದಕ್ಕೆ ಕಾರಣ ನಾನೇ.

ಹನಗೋಡಿನ ಹತ್ತಿರದ ನಮ್ಮೂರಿನಲ್ಲಿ ಹೊಗೆಸೊಪ್ಪನ್ನು ಬಿಸಿಗಾಳಿಯ ಕಾವಿನಲ್ಲಿ ಬೇಯಿಸಿ ಮುಗಿಸಿದ ಮೇಲೆ ಬಣ್ಣ ನೋಡಿ ವಿಂಗಡಿಸುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ನಡುಮನೆಯಲ್ಲಿ ಗೋಣಿತಾಟು ಹಾಸಿಕೊಂಡು ಅವ್ವ, ದೊಡ್ಡವ್ವ, ಕೂಲಿಗೆ ಬರುವ ಎದುರುಮನೆ ಅಕ್ಕ, ಬೀದಿಯ ಇನ್ನಷ್ಟು ಹೆಂಗಸರು ಕೂರುತ್ತಾರೆ. ಹಳದಿ ಎಲೆ ಒಂದು ಕಡೆ, ಕಂದು ಎಲೆ ಇನ್ನೊಂದು ಕಡೆ. ನಾನು ಎಂ.ಎ. ಮುಗಿಸಿ, ಮೈಸೂರಿನಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಿ ಬಂದು ಮೂಲೆಯಲ್ಲಿ ಓದುತ್ತ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ಅಕ್ಕನ ಮೊಬೈಲಿನಲ್ಲಿ ಡೇಟಾ ಮುಗಿದು, ಧಾರಾವಾಹಿಯ ಅತ್ತೆ ಕೈ ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಅದೇನವ್ವಾ, ಒಬ್ಳೇ ಓದ್ಕಂಡು ಒಬ್ಳೇ ನಗ್ತಾ ಕೂತಿದ್ದೀಯ? ನಮ್ಗೂ ಒಸಿ ಯೋಳು," ಅಂದಳು ಅಕ್ಕ.

ಗಟ್ಟಿಯಾಗಿ ಓದುವುದು ನನಗೆ ಸಂಕೋಚದ ಕೆಲಸ. ಆದರೂ ಓದಿದೆ. ಆ ಕಾದಂಬರಿಯ ನಾಯಕ ಬಹಳ ಒಳ್ಳೆಯವನು, ಮೆದುಮಾತಿನವನು. ಯಾರು ಏನು ಕೇಳಿದರೂ "ನೋಡೋಣ" ಅನ್ನುತ್ತಾನೆ. ಹೆಂಡತಿ ತವರಿಗೆ ಹೋಗಬೇಕು ಅಂದರೆ ನೋಡೋಣ. ಇವನ ತಮ್ಮ ಮನೆಯ ಚಿನ್ನದ ಸರ ಕದ್ದು ಅಟ್ಟದಲ್ಲಿ ಅಡಗಿ ಕೂರುತ್ತಾನೆ, ಕಳ್ಳತನ ಬಡಪಾಯಿ ಆಳಿನ ತಲೆಗೆ ಬರುತ್ತದೆ. ಇವನಿಗೆ ನಿಜ ಗೊತ್ತು. ಹೇಳಿಬಿಡು ಎಂದು ಹೆಂಡತಿ ಕಾಲು ಹಿಡಿದರೆ, ಆಗಲೂ ನೋಡೋಣ.

ಇವನ ಮೇಲೆ ನಾನು ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದ್ದೆ. ಇವನದು ಆಧುನಿಕ ಮನುಷ್ಯನ ದ್ವಂದ್ವ ಎಂದು ಇವರಿಗೂ ವಿವರಿಸಿದೆ.

"ದ್ವಂದ್ವವೂ ಇಲ್ಲ ಗಿಂದ್ವವೂ ಇಲ್ಲ, ಪುಕ್ಲ ಕಣವ್ವ ಅವ್ನು," ಅಂದಳು ಅಕ್ಕ. "ನೋಡೋಣಪ್ಪ!"

ಆ ಹೆಸರು ಸಂಜೆಯೊಳಗೆ ಪುಸ್ತಕದಿಂದ ಹೊರಗೆ ಬಂತು. ಪಂಪ್‌ಸೆಟ್ಟು ರಿಪೇರಿಗೆ ನಾಳೆ ಬರುತ್ತೇನೆಂದು ಸತಾಯಿಸುತ್ತಿದ್ದವನು ನೋಡೋಣಪ್ಪನಾದ. ಬಚ್ಚಲಿನ ಬಾಗಿಲು ಹಾಕಿಸದ ನಮ್ಮ ದೊಡ್ಡಪ್ಪ ನೋಡೋಣಪ್ಪನಾದರು. ಮೋರಿ ದಾಟಲು ಹಿಂದುಮುಂದು ನೋಡುವ ನಮ್ಮ ಕರುವೂ ನೋಡೋಣಪ್ಪನೇ. ಗಂಡಸರು ಬಾಯಿ ಬಿಟ್ಟರೆ ಸಾಕು, ನಡುಮನೆಯಲ್ಲಿ ಕಿಸಿಕಿಸಿ. ದೊಡ್ಡಪ್ಪ ತಮ್ಮ ಅಂಗಿ ತಿರುಗಿಸಿ ಬೆನ್ನಿಗೆ ಏನಾದರೂ ಮೆತ್ತಿದೆಯೇ ಎಂದು ನೋಡಿಕೊಂಡರು.

ಎಲ್ಲ ವಿಷಯದಲ್ಲೂ ಇಷ್ಟು ಒಮ್ಮತವಿರಲಿಲ್ಲ. ಆ ಕಾದಂಬರಿಯಲ್ಲಿ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಸೋದರತ್ತೆ ಇದ್ದಾಳೆ. ಹಾಲನ್ನೂ ಅಳೆದೇ ಕೊಡುತ್ತಾಳೆ. ಅವಳು ರಾಕ್ಷಸಿ ಎಂದು ಅಕ್ಕ ತೀರ್ಪು ಕೊಟ್ಟಳು. ಸೊಂಟದಲ್ಲಿ ಬೀಗದಕೈ ಇರುವ ನಮ್ಮ ದೊಡ್ಡವ್ವನಿಗೆ ಇದು ಸರಿಯಾಗಿ ಚುಚ್ಚಿತು.

"ಅಳ್ದು ಕೊಡ್ದೆ ಚರಂಡೀಗೆ ಸುರೀಬೇಕಾ? ಸಂಸಾರ ಮಾಡೋಳು ಅಂದ್ರೆ ಅವ್ಳೇ."

"ನಿಮ್ಗೆ ಸರಿ ಕಾಣ್ತಾಳೆ ಬುಡಿ!"

ಅಲ್ಲಿಗೆ ಇಬ್ಬರ ಮಾತು ನಿಂತಿತು. ಒಂದೇ ರಾಶಿಯ ಆಚೆ ಈಚೆ ಕೂತು ನನ್ನ ಮೂಲಕ ಮಾತಾಡಿದರು. "ನಿಮ್ ದೊಡ್ಡವ್ವಂಗೆ ಯೋಳು, ಎಲೆಅಡಿಕೆ ತಟ್ಟೆ ಇತ್ಲಾಗೆ ತಳ್ಲಿ ಅಂತ." ಕಾಗದದ ಮೇಲಿನ ಹೆಂಗಸೊಬ್ಬಳು ಇವರಿಬ್ಬರ ಒಳಗನ್ನು ಹೀಗೆ ಹೊರಗೆ ಹರವಿದ್ದು ನೋಡಿ ನಾನು ಬೆರಗಾದೆ. ಯಾರ ಮೇಲೆ ಸಿಟ್ಟು ಬರುತ್ತದೆ, ಯಾರನ್ನು ಮನ್ನಿಸುತ್ತೇವೆ ಅನ್ನುವುದರಲ್ಲಿ ನಾವು ಸಿಕ್ಕಿಬೀಳುತ್ತೇವೆ. ನಾನು ಮಾತ್ರ ಸಿಕ್ಕಿಬೀಳದಂತೆ ದನಿ ಏರಿಸದೆ ಓದುತ್ತಿದ್ದೆ.

ಯಾಕೆಂದರೆ ನನ್ನದೂ ಒಂದು ಗುಟ್ಟಿತ್ತು. ಬರಲಿದ್ದ ಗಂಡು ಸಾಲಿಗ್ರಾಮದಲ್ಲಿ ದನದ ಡಾಕ್ಟರು. ಅವರನ್ನು ನಾನು ಮೊದಲೇ ಒಮ್ಮೆ ಕೆ.ಆರ್. ನಗರದ ಮದುವೆಮನೆಯಲ್ಲಿ ನೋಡಿದ್ದೆ. ಬಡಿಸುವವನ ಕೈ ಜಾರಿ ಅವರ ಬಿಳಿ ಅಂಗಿಯ ಮೇಲೆಲ್ಲ ಸಾರು ಚೆಲ್ಲಿತು. ಅವರು ಮೊದಲು ಬಡಿಸುವವನ ಕೈ ಹಿಡಿದು, ಸುಟ್ಟಿದೆಯೇ ಎಂದು ತಿರುಗಿಸಿ ನೋಡಿದರು. ಆಮೇಲೆ ಅಂಗಿ. ನನಗೆ ಅಷ್ಟು ಸಾಕಾಗಿತ್ತು. ಈ ಸಂಬಂಧ ಆಗಲೇಬೇಕು ಎಂದು ಮನಸ್ಸಿನಲ್ಲಿ ಕುಣಿಯುತ್ತಿದ್ದೆ, ಮುಖದಲ್ಲಿ ಏನೂ ತೋರಿಸಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ದೊಡ್ಡವ್ವ ಬೇಡ ಅಂದರೆ ಅದು ಬೇಡವೇ.

ಡಾಕ್ಟರು ತಮ್ಮ ಸೋದರಮಾವನ ಜೊತೆ ಬಂದರು. ಹೊಗೆಸೊಪ್ಪನ್ನು ಗೋಡೆಗೆ ಒತ್ತರಿಸಿ ಚಾಪೆ ಹಾಸಿದ್ದೆವು. ಹೆಂಗಸರು ಅಡುಗೆಮನೆ ಬಾಗಿಲ ಹಿಂದೆ ಸೇರಿದ್ದರು. ನಾನು ಕೇಸರಿಬಾತಿನ ತಟ್ಟೆ ಹಿಡಿದು ನಿಂತೆ. ಮಾತೆಲ್ಲ ಮಾವನದೇ. ದೊಡ್ಡವ್ವನಿಗೆ ಅದು ಹಿಡಿಸಲಿಲ್ಲ. ನೇರವಾಗಿ ಡಾಕ್ಟರನ್ನೇ ಕೇಳಿದರು.

"ಹುಡ್ಗಿ ಇನ್ನೂ ಓದ್ಬೇಕಂತೆ ಕಣಪ್ಪ. ಮದ್ವೆ ಆದ್ಮೇಲೂ ಮೈಸೂರ್ಗೆ ಓಡಾಡ್ಬೇಕಂತೆ. ನೀವೇನಂತೀರಿ?"

ಅವರು ಗಂಟಲು ಸರಿಮಾಡಿಕೊಂಡು, "ನೋಡೋಣ..." ಅಂದರು.

ಬಾಗಿಲ ಸಂದಿಯಲ್ಲಿ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡದ್ದು ಕಾಣಿಸಿತು. ಅದರಿಂದ ಉಪಯೋಗವಾಗಲಿಲ್ಲ. ಯಾರೋ ಗೊಳ್ಳೆಂದರು. ದೊಡ್ಡವ್ವನ ಭುಜ ಕುಲುಕತೊಡಗಿತು. ಕೊನೆಗೆ ನಾನೂ! ನಗು ಮೂಗಿನಿಂದ ಬಂದು, ಕೈಯಲ್ಲಿದ್ದ ತಟ್ಟೆಯನ್ನು ಮಾವನ ಮಡಿಲಲ್ಲಿಟ್ಟು ಒಳಗೆ ಓಡಿದೆ.

"ಏನ್ರೀ ಇದು? ಮನೇಗ್ ಕರ್ಸಿ ಅವಮಾನ ಮಾಡ್ತೀರಾ?" ಮಾವ ಕೇಸರಿಬಾತು ಹಿಡಿದುಕೊಂಡೇ ಎದ್ದರು. ಅವ್ವ ಅಳುವಂತಾದಳು. ಎಲ್ಲ ಹಾಳಾಯಿತು ಅಂದುಕೊಂಡರೂ ನನ್ನ ನಗು ನಿಲ್ಲಲಿಲ್ಲ.

"ಕೂತ್ಕೊಳಿ ಮಾವ, ಯಾಕೆ ನಕ್ರು ಅಂತ ಕೇಳೋಣ," ಅನ್ನುವ ಡಾಕ್ಟರ ದನಿ ಬಂತು.

ದೊಡ್ಡವ್ವ ಕಣ್ಣೊರೆಸಿಕೊಳ್ಳುತ್ತ ನೋಡೋಣಪ್ಪನ ಕಥೆ ಹೇಳಿದರು. ಅಕ್ಕ ಬಾಗಿಲ ಹಿಂದಿನಿಂದ ಹೊರಬಂದು ಬಿಟ್ಟದ್ದನ್ನೆಲ್ಲ ತುಂಬಿದಳು. ಇಬ್ಬರೂ ನೇರವಾಗಿ ಮಾತಾಡುತ್ತಿದ್ದಾರೆ ಎಂಬುದು ಅವರಿಗೇ ಮರೆತುಹೋಗಿತ್ತು. ಡಾಕ್ಟರು ಪೂರ್ತಿ ಕೇಳಿ, ಎಲ್ಲರಿಗಿಂತ ಜೋರಾಗಿ ನಕ್ಕರು.

"ನಾನು ದಿನಾ ಅದನ್ನೇ ಹೇಳೋನು ಕಣವ್ವ. ಹಸ ಉಳೀತದಾ ಡಾಕ್ಟ್ರೇ ಅಂತಾರೆ. ನೋಡೋಣ ಅಂತೀನಿ, ಅಂಗಂದು ಕೈಗೆ ಗ್ಲೌಸ್ ಹಾಕ್ಕೊಂಡು ನೋಡ್ತೀನಿ. ಸುಮ್ನೆ ಕೂರಕ್ಕಾಯ್ತದಾ?" ಆಮೇಲೆ ಗಂಭೀರವಾಗಿ, "ಅವರು ಓದ್ಲಿ. ಬಸ್ಸು ಹೆಂಗೆ, ಮನೆ ಎಲ್ಲಿ ಮಾಡೋದು ಅನ್ನೋದನ್ನ ನೋಡೋಣ ಅಂತಿದ್ದೆ. ನಿಮ್ ನಗು ಅಡ್ಡ ಬಂತು," ಅಂದರು.

ಡಾಕ್ಟರೇ ಮತ್ತೆ ಕೇಳಿದರು: "ಅದ್ಸರಿ, ಆ ತಮ್ಮ ಅಟ್ಟದ ಮೇಲೆ ಕೂತಿದ್ನಲ್ಲ, ಅಷ್ಟು ದಿನ ಅವ್ನಿಗೆ ಅನ್ನ ಹಾಕಿದ್ಯಾರು?"

ನಾನು ನಾಚಿಕೆ ಮರೆತು ಬಾಗಿಲಿಗೆ ಬಂದು ನಿಂತಿದ್ದೆ. ಪುಸ್ತಕದಲ್ಲಿ ಅದು ಇರಲಿಲ್ಲ. ನಾನು ಅವನ ಅಣ್ಣನ ದ್ವಂದ್ವ ಅಳೆಯುವುದರಲ್ಲಿ ಮುಳುಗಿದ್ದೆ, ಇವರು ಅಡಗಿದವನ ಹಸಿವನ್ನು ಕೇಳಿದರು.

"ಇನ್ಯಾರು, ಬೀಗದಕೈ ಇದ್ದೋಳು!" ಅಂದರು ದೊಡ್ಡವ್ವ. "ಉಗ್ರಾಣ ತೆಗೆಯೋಕೆ ಬೇರೆಯೋರ್ಗೆ ಆಯ್ತದಾ?"

ಅಕ್ಕ ಕೆನ್ನೆಗೆ ಬೆರಳಿಟ್ಟುಕೊಂಡಳು. "ಅಯ್ಯೋ ನನ್ ಮಂಕು ಬುದ್ಧಿಯೇ! ಹೌದಲ್ವಾ? ಕಳ್ಳಂಗೂ ಅಳ್ದೇ ಇಕ್ಕಿರ್ತಾಳೆ, ಆದ್ರೂ ಇಕ್ಕವಳೆ ಕಣವ್ವ!"

"ಹೆಂಡ್ತಿ ಯಾಕಿರಬಾರದು?" ಅಂದರು ಮಾವ, ಕೇಸರಿಬಾತು ತಿನ್ನುತ್ತ. ಎಲ್ಲರೂ ಅವರ ಮೇಲೆ ಮುಗಿಬಿದ್ದರು. ಹೊರಡುವ ಹೊತ್ತು ಮೀರಿದರೂ ಚರ್ಚೆ ಮುಗಿಯಲಿಲ್ಲ. ಡಾಕ್ಟರು ಚಪ್ಪಲಿ ಹುಡುಕುತ್ತಲೇ ಅಕ್ಕನಿಗೆ ಉತ್ತರ ಕೊಡುತ್ತಿದ್ದರು.

ದೊಡ್ಡವ್ವ ಒಳಗೆ ಬಂದು ಅವ್ವನ ಕಡೆ ಆಗಬಹುದು ಎಂಬಂತೆ ತಲೆ ಆಡಿಸಿದರು. ಅವ್ವ ನನ್ನನ್ನು ಒಲೆಯ ಹತ್ತಿರ ಎಳೆದು, "ನೋಡು, ಯೋಚ್ನೆ ಮಾಡು, ಎರಡು ದಿನ ಬುಟ್ಟೇ..." ಎಂದು ಶುರುಮಾಡಿದಳು.

"ನಂಗೆ ಒಪ್ಪಿಗೆ ಅವ್ವ!" ಅಂದೆ.

ಅವ್ವ ನನ್ನ ಬಾಯಿಗೆ ಅಂಗೈ ಒತ್ತಿದಳು. "ಒಸಿ ಮೆತ್ತಗೆ ಯೋಳೇ, ಅವ್ರಿನ್ನೂ ಜಗಲಿ ಇಳಿದಿಲ್ಲ!"