ಕಂಪ್ಯೂಟರ್ ಬಳಗದ ಹಲ್ಲಿನ ಡಾಕ್ಟರಮ್ಮ
ಶನಿವಾರ ಸಂಜೆ ಗ್ರಂಥಾಲಯದ ಮಹಡಿಯಲ್ಲಿ ಸೇರುವ ಕಂಪ್ಯೂಟರ್ ಬಳಗಕ್ಕೆ ಹಲ್ಲಿನ ಡಾಕ್ಟರಮ್ಮನೇ ಯಜಮಾನಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದೆಂಬ ನಿಯಮ ಮಾಡಿದವರೂ ಅವರೇ, ವಾರವಾರ ಅದನ್ನು ಮುರಿಯುವವರೂ ಅವರೇ. ದಿನವಿಡೀ ಬಾಯಿ ತೆರೆದು ಮಲಗಿದವರೆದುರು ಒಬ್ಬರೇ ಮಾತಾಡಿ ರೂಢಿಯಾದ ಜೀವ. ಯಾರಾದರೂ ಹೊಸ ಪ್ರೋಗ್ರಾಂ ತೋರಿಸತೊಡಗಿದರೆ ಸಾಕು, ಕುರ್ಚಿಯ ತುದಿಗೆ ಜರುಗಿ, "ಅಯ್ಯೋ, ಇದನ್ನ ನಮ್ಮ ಕ್ಲಿನಿಕ್ಕಿಗೂ ಹಾಕ್ಬಹುದಲ್ರೀ" ಎಂದು ನಡುವೆ ನುಗ್ಗುವರು. ಮರುಕ್ಷಣ ನಾಲಿಗೆ ಕಚ್ಚಿಕೊಂಡು, "ತಪ್ಪಾಯ್ತು, ನೀವು ಹೇಳಿ" ಎನ್ನುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಹೊರಗೆ ಬಿದ್ದಿರುತ್ತದೆ. ಮೊನ್ನೆ ಹೊಸ ಸದಸ್ಯನಾದ ದರ್ಜಿಯೊಬ್ಬ, ಫೋಟೊದಿಂದಲೇ ಅಳತೆ ತೆಗೆಯುವ ತನ್ನ ಆ್ಯಪ್ ತೋರಿಸಲು ಎದ್ದು ನಿಂತ. ಅವನಿಗೆ ಮಾತು ತೊದಲುತ್ತದೆ. "ಇದು ತೋ... ತೋ..." ಎಂದು ಸಿಕ್ಕಿಕೊಂಡ. ಆ ಪದ ಎಲ್ಲರ ನಾಲಿಗೆಯ ತುದಿಗೂ ಬಂದಿತ್ತು. ಮುಂದೆ ಕೂತವರೊಬ್ಬರು ಹೇಳಿಕೊಡಲು ಹೊರಟಾಗ ಡಾಕ್ಟರಮ್ಮ ಅವರ ಮೊಣಕೈ ಹಿಡಿದು, "ಅವರೇ ಹೇಳ್ತಾರೆ, ಇರಿ" ಎಂದು ಪಿಸುಗುಟ್ಟಿ, ತುಟಿ ಬಿಗಿದು ಕಾದರು. ಕೋಣೆಯಲ್ಲಿದ್ದವರೆಲ್ಲ ಕಾದರು. "ತೋಳಿನ ಅಳತೆ" ಎಂದ ದರ್ಜಿ, ಮುಖ ಅರಳಿಸಿ, ಅದಕ್ಕಿಂತ ಉದ್ದದ ಇನ್ನೊಂದು ವಾಕ್ಯಕ್ಕೆ ಕೈಹಾಕಿದ.