ತಾಂಡೂರಿನ ಕಲ್ಲಿನ ಮೇಲೊಂದು ಕಲೆ

ನಮ್ಮ ಕಾರಿನ ಮಾನ ಹೋದದ್ದು ಒಂದು ಸೋಮವಾರ ಬೆಳಗಿನ ಫೋನಿನಲ್ಲಿ.

ಹಿಂದಿನ ದಿನ ಅಪ್ಪ, ಅವ್ವ, ನಾನು ಜಹೀರಾಬಾದಿನಿಂದ ತಾಂಡೂರಿಗೆ ಹೋಗಿ ಏಳು ತಿಂಗಳ ಬಸುರಿ ಅಕ್ಕನನ್ನು ನೋಡಿಕೊಂಡು ಬಂದಿದ್ದೆವು. ಗುರುವಾರ ಆಕೆಯನ್ನು ಹೆರಿಗೆಗೆ ಕರೆತರುವುದೆಂದು ಹಿರಿಯರೆಲ್ಲ ಕೂತು ಗೊತ್ತುಮಾಡಿದ್ದರು. ಸೋಮವಾರ ಅಪ್ಪ ಕಚೇರಿಗೆ ಹೊರಡಲು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅಕ್ಕನ ಮಾವನವರ ಫೋನು ಬಂತು. ಅಪ್ಪ ಯಾರ ಫೋನು ಬಂದರೂ ಸ್ಪೀಕರ್ ಹಾಕಿಯೇ ಮಾತಾಡುವವನು. ಹೀಗಾಗಿ ಆ ಸುದ್ದಿ ಮೂವರಿಗೂ ಒಂದೇ ಸಲಕ್ಕೆ ಮುಟ್ಟಿತು.

"ಬೀಗರ, ನಿಮ್ಮ ಗಾಡಿ ನಮ್ಮ ಅಂಗಳದಾಗ ಎಣ್ಣಿ ಬಿಟ್ಟು ಹೋಗ್ಯಾದ ನೋಡ್ರಿ."

"ಎಣ್ಣಿ?"

"ಎಣ್ಣಿ. ಅಂಗೈ ಅಗಲ ಬಿದ್ದಾದ. ಮೊನ್ನೆ ಮೊನ್ನೆ ಹೊಸಾ ಕಲ್ಲು ಹಾಸ್ಸೀನಿ. ಕಲ್ಲಿನ ಮಾತು ಬಿಡ್ರಿ, ಕಲ್ಲು ನಮ್ದೇ ದಂಧಾ ಅದ. ಆದ್ರ ಹಿಂಗ ಸೋರೋ ಗಾಡ್ಯಾಗ ಬಸುರಿ ಹೆಣ್ಮಗಳಿಗಿ ಹ್ಯಾಂಗ ಕೂಡ್ಸಿ ಕಳಸ್ಲಿ? ಗಾಡಿ ನೆಟ್ಟಗಾದ್ರ ಗುರುವಾರ ಬರ್ರಿ. ಇಲ್ಲಂದ್ರ ಒಂಬತ್ತರಾಗ ನೋಡೋಣು."

ಒಂಬತ್ತರಲ್ಲಿ ಎಂದರೆ ಒಂಬತ್ತನೆಯ ತಿಂಗಳಲ್ಲಿ. ನಮ್ಮ ಕಡೆ ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಈ ವಾರ ಕಳೆದರೆ ಅಕ್ಕನಿಗೆ ಎಂಟು ಹಿಡಿಯುತ್ತದೆ. ಗುರುವಾರ ತಪ್ಪಿದರೆ ಆಕೆ ಇನ್ನೊಂದು ತಿಂಗಳ ಮೇಲೆ ಅಲ್ಲಿಯೇ ಇರಬೇಕು. ಅವ್ವ ಆಗಲೇ ಒಳಕೋಣೆಗೆ ಸುಣ್ಣ ಹೊಡೆಸಿ, ಮಂಚ ಕಿಟಕಿಯ ಕಡೆಗೆ ತಿರುಗಿಸಿ ಇಟ್ಟಿದ್ದಳು. ಸಂಜೆ ನಾನು ಕಚೇರಿಯಿಂದ ಬಂದ ಹೊತ್ತಿಗೆ ಅಕ್ಕ ಅತ್ತೆಗೆ ಕೇಳಿಸದಂತೆ ಮಾಳಿಗೆ ಹತ್ತಿ ಫೋನು ಮಾಡಿದಳು: "ಅವ್ವಾ, ಇಲ್ಲಿ ಎಲ್ಲಾರೂ ಛಲೋ ನೋಡ್ಕೋತಾರ. ಆದ್ರ ನನಗ ನಿನ್ನ ಬಾಜೂಕ ಮಲಗಬೇಕಾಗ್ಯಾದ. ಹೆಂಗರೇ ಮಾಡಿ ಗಾಡಿ ರಿಪೇರಿ ಮಾಡ್ಸ್ರಿ."

ಅವ್ವ ಫೋನು ಇಟ್ಟು, ಆ ಮಂಚಕ್ಕೆ ಹೊಸ ಚಾದರ ಹಾಸಿದಳು ಎಂದು ಆ ದಿನದ ಡೈರಿಯಲ್ಲಿ ಬರೆದಿದ್ದೇನೆ. ನಾನು ನಾರಾಯಣಖೇಡದ ಒಂದು ಕಚೇರಿಯಲ್ಲಿ ಗುಮಾಸ್ತೆ. ಬಸ್ಸು ಎಷ್ಟು ತಡವಾಯಿತು, ಯಾರ ಮದುವೆಗೆ ಏನು ಅಡುಗೆ, ಎಲ್ಲ ಬರೆದಿಡುವುದು ನನ್ನ ಚಟ. "ಇಕಿ ಡೈರ್ಯಾಗ ನಾ ಎಷ್ಟ ಸಲ ಕೆಮ್ಮೀನಂತ ಸೈತ ಅದ" ಎಂದು ಅಪ್ಪ ಬಂದವರ ಮುಂದೆ ಹೇಳುತ್ತಾನೆ. ಇದೆ, ನಿಜ.

ಕಾರು ಅಪ್ಪ ಎರಡು ವರ್ಷದ ಹಿಂದೆ ಕೊಂಡ ಸೆಕೆಂಡ್‌ಹ್ಯಾಂಡ್ ಪೆಟ್ರೋಲ್ ಗಾಡಿ. ಬಾಡಿಗೆ ಗಾಡಿ ತರೋಣವೆಂದು ನಾನು ಅಂದಾಗ ಅಪ್ಪ ನನ್ನನ್ನು ಎಂಥ ನೋಟ ನೋಡಿದನೆಂದರೆ, ಅದನ್ನು ಮತ್ತೆ ಅನ್ನಲಿಲ್ಲ. ಸಂಜೆ ಟಾರ್ಚು ಹಿಡಿದು ಇಬ್ಬರೂ ಬಗ್ಗಿ ನೋಡಿದೆವು. ನಮ್ಮ ಅಂಗಳದಲ್ಲಿ ಒಂದು ಹನಿಯೂ ಇಲ್ಲ. ಹೇಗಿದ್ದೀತು? ಅವ್ವ ದಿನಾ ಬೆಳಗ್ಗೆ ಕೊಡಗಟ್ಟಲೆ ನೀರು ಹೊಡೆದು, ಕಾರಿನ ಕೆಳಗೂ ಪೊರಕೆ ತೂರಿಸಿ ಗುಡಿಸಿ, ನಾಲ್ಕೂ ಗಾಲಿಗಳ ನಡುವೆ ರಂಗೋಲಿ ಹಾಕುತ್ತಿದ್ದಳು. ಯಾವ ಸಾಕ್ಷಿಯೂ ಉಳಿಯುವಂತಿರಲಿಲ್ಲ.

ಹೀಗಾಗಿ ನಾನು ಕೂಲರ್ ಬಂದಿದ್ದ ರಟ್ಟಿನ ಖೋಕಾ ಬಿಚ್ಚಿ ಕಾರಿನ ಕೆಳಗೆ ಹಾಸಿದೆ. ನಾಲ್ಕು ಗಾಲಿಗಳ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಮುಂದೆ ಯಾವುದು, ಹಿಂದೆ ಯಾವುದು ಎಂದು ಬರೆದೆ. ಇದರ ಮೇಲೆ ನೀರು ಹಾಕಬಾರದೆಂದು ಅವ್ವನಿಗೆ ಮೂರು ಸಲ ಹೇಳಿದೆ. "ಆತು ಬಿಡವ್ವ, ಅದಕ್ಕೂ ಪೂಜಿ ಮಾಡು" ಎಂದಳು.

ಮಂಗಳವಾರ ಬೆಳಗ್ಗೆ ರಟ್ಟನ್ನು ಎಳೆದು ಬಿಸಿಲಿಗೆ ಹಿಡಿದೆ. ಇಂಜಿನ್ ಕೆಳಗೆ ಕಪ್ಪು, ಆರು ಹನಿ. ಹಿಂದೆ, ಡಿಕ್ಕಿಯ ಕೆಳಗೆ, ತಿಳಿ ಹಳದಿ. ಹನಿಗಳು ಒಂದರೊಳಗೊಂದು ಕೂಡಿಕೊಂಡಿದ್ದರಿಂದ ಎಣಿಸಲು ಬರಲಿಲ್ಲ. ಅವ್ವ ಬಂದು ಹಳದಿ ಕಲೆಯ ಮೇಲೆ ಬೆರಳಿಟ್ಟಳು. ಮೂಸಿದಳು. ಬೆರಳನ್ನು ಮೊಣಕೈಗೆ ಒರೆಸಿಕೊಂಡಳು.

"ಏನದವ್ವಾ?"

"ನನಗೇನ್ ತಿಳೀತದ ಗಾಡೀದು" ಎಂದು ಸರಸರ ಒಳಗೆ ಹೋದಳು.

ಗಾಡಿಯದು ತಿಳಿಯುವವರು ಪಕ್ಕದ ಮನೆಯ ಚಾಚಾ. ಬಹಳ ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿರುವವರು, ಓಣಿಯಲ್ಲಿ ಯಾರ ಬಾನೆಟ್ ಎದ್ದರೂ ತಾವೂ ಎದ್ದು ಬರುವವರು. ರಟ್ಟನ್ನು ಎಕ್ಸ್‌ರೇ ಹಿಡಿದಂತೆ ಎತ್ತಿ ನೋಡಿದರು.

"ಈ ಕಾಲಾ ಹನಿ ಅಂತೂ ಇಂಜಿನ್ ಆಯಿಲ್. ಸಾಬ್, ಆಯಿಲ್ ಯಾರ ಬದಲ್ ಮಾಡಿದ್ರಿ?"

ಅಪ್ಪ ಗಂಟಲು ಸರಿಮಾಡಿಕೊಂಡ. "ನಾನೇ. ಮೊಬೈಲ್‌ನ್ಯಾಗ ನೋಡಿ."

"ಕೆಳಗಿನ ನಟ್ಟಿಗಿ ವಾಷರ್ ಹೊಸಾದು ಹಾಕಿದ್ರಿ?"

"ಹಳೇದೇ ಛಲೋ ಇತ್ತು."

"ಮೊಬೈಲ್‌ನ್ಯಾಗ ಹಂಗ ಹೇಳ್ಯಾರ?"

"ಅದು ಹೇಳೋ ಮುಂದ ಯಾರದೋ ಫೋನ್ ಬಂತು."

ಆ ಸಂಜೆಯೇ ಅದು ರಿಪೇರಿಯಾಯಿತು. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗುವುದು ಚಾಚಾ ಅವರಿಗೆ ಆಗದ ಮಾತು. ಲಾರಿ ಕಾಲದ ಎರಡು ಇಳಿಜಾರು ಕಟ್ಟಿಗೆ ದಿಮ್ಮಿಗಳನ್ನು ಮನೆಯಿಂದ ತಂದು, ಮುಂದಿನ ಗಾಲಿಗಳನ್ನು ಅವುಗಳ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಹಿಂದಿನ ಗಾಲಿಗಳಿಗೆ ಕಲ್ಲು ಒತ್ತುಕೊಟ್ಟರು. ಇಂಜಿನ್ ತಣ್ಣಗಾಗುವ ತನಕ ಚಹಾ ಕುಡಿದೆವು. ನಂತರ ಅಪ್ಪ ಕೆಳಗೆ ನುಗ್ಗಿ ನಟ್ಟು ಬಿಚ್ಚಿದ. ಎಣ್ಣೆ ಹಿಡಿಯಲು ಏನೂ ಇಟ್ಟುಕೊಂಡಿಲ್ಲವೆಂಬುದು ನಟ್ಟು ಕೈಗೆ ಬಂದಮೇಲೆ ಅವನಿಗೆ ಹೊಳೆಯಿತು. "ಏನರೇ ಕೊಡ! ಏನರೇ ಕೊಡ!" ಎಂದು ಕೆಳಗಿನಿಂದ ಕೂಗಿದ. ನಾನು ಓಡಿಹೋಗಿ ಕೈಗೆ ಸಿಕ್ಕದ್ದನ್ನು ತಂದು ತಳ್ಳಿದೆ. ಅದು ಅವ್ವ ರೊಟ್ಟಿಯ ಹಿಟ್ಟು ನಾದುವ ಪರಾತ. ಆ ರಾತ್ರಿ ರೊಟ್ಟಿ ಇರಲಿಲ್ಲ, ಅನ್ನ ಇತ್ತು. ಹೊಸ ತಾಮ್ರದ ವಾಷರ್ ಹಾಕಿ, ಬಿಗಿದು, ಎಣ್ಣೆ ತುಂಬಿದ್ದಾಗಿತ್ತು. ಕಪ್ಪು ಹನಿ ಅಲ್ಲಿಗೆ ನಿಂತಿತು.

ಹಳದಿ ಕಲೆಯನ್ನು ಚಾಚಾ ರಟ್ಟು ತಿರುಗಿಸಿ ತಿರುಗಿಸಿ ನೋಡಿದರು. "ಇದು ಬ್ರೇಕ್ ಆಯಿಲ್ ಇದ್ರ ಸಾಬ್, ತಾಂಡೂರ್ ತನಕ ಹೋಗಾಕ ಆಗಂಗಿಲ್ಲ. ಸೀದಾ ಖಬರಸ್ತಾನ್" ಎಂದು ಕೊನೆಗೆ ಅಂದರು. ಅಪ್ಪನ ಮುಖ ಬಾಡಿತು. ನಾನು ಬಾನೆಟ್ ಎತ್ತಿ, ಬ್ರೇಕ್ ಎಣ್ಣೆಯ ಪುಟ್ಟ ಡಬ್ಬಿಯಲ್ಲಿ ಎಣ್ಣೆ ಎಲ್ಲಿಯವರೆಗಿದೆ ಎಂದು ಹೊರಗಿನಿಂದ ಪೆನ್ನಿನ ಗೀಟು ಹಾಕಿದೆ. ಬ್ರೇಕಿನದೇ ಸೋರುತ್ತಿದ್ದರೆ ಅದು ಬೆಳಗಾಗುವುದರಲ್ಲಿ ಗೀಟಿನ ಕೆಳಗೆ ಇಳಿಯಬೇಕು.

ಬುಧವಾರ ರಜೆ ಹಾಕಿದೆ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲವೆಂದು ಕಚೇರಿಗೆ ತಿಳಿಸಿದೆ. ಕಾರೂ ಮನೆಯದೇ. ಗೀಟು ನೋಡಿದೆ: ಎಣ್ಣೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆದರೆ ರಾತ್ರಿ ಮತ್ತೆ ಹಾಸಿದ್ದ ರಟ್ಟಿನ ಮೇಲೆ ಹಳದಿ ಮತ್ತೆ ಬಿದ್ದಿತ್ತು. ಪೆಟ್ರೋಲ್ ಆಗಿದ್ದರೆ ಆರಿಹೋಗುತ್ತಿತ್ತು. ಗಿಯರ್ ಎಣ್ಣೆ ಈ ಗಾಡಿಗೆ ಹಿಂಭಾಗದಲ್ಲಿ ಇಲ್ಲವೇ ಇಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಮುಟ್ಟಿದೆ, ಒಣ ಧೂಳು. ಅಪ್ಪ, ಚಾಚಾ ಇಬ್ಬರೂ ತಮಗೆ ಗೊತ್ತಿದ್ದ ಎಣ್ಣೆಗಳನ್ನೆಲ್ಲ ಹೇಳಿ ಮುಗಿಸಿ ಕಟ್ಟೆಯ ಮೇಲೆ ಕೂತರು. ನಾನು ರಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಆಗ ಇರುವೆಗಳು ಕಂಡವು.

ಕಂಪೌಂಡಿನ ಬುಡದಿಂದ ಸಾಲು ಹೊರಟು, ರಟ್ಟಿನ ಮೇಲೆ ನಡೆದು, ನನ್ನ ಕಪ್ಪು ಹನಿಗಳ ಹಳೆಯ ಗುರುತನ್ನು ಸುತ್ತು ಹಾಕಿ, ಹಳದಿ ಕಲೆಯ ಸುತ್ತ ಪಂಕ್ತಿಯ ಊಟಕ್ಕೆ ಕೂತಿದ್ದವು. ಯಾವ ಗಾಡಿಯ ಎಣ್ಣೆಯನ್ನು ಇರುವೆ ಉಣ್ಣುತ್ತದೆ? ಕೆಲವು ಹಿಂದಿನ ಗಾಲಿ ಹತ್ತಿ ಡಿಕ್ಕಿಯ ತಳಕ್ಕೂ ಹೊರಟಿದ್ದವು. ಡಿಕ್ಕಿ ತೆಗೆದು, ಕಾರ್ಪೆಟ್ ಎತ್ತಿ, ಸ್ಟೆಪ್ನಿಯನ್ನು ಹೊರಗೆಳೆದೆ. ಅದು ಕೂರುವ ಗುಂಡಿಯಲ್ಲಿ ಎಣ್ಣೆ ನಿಂತಿತ್ತು, ಹೊಂಬಣ್ಣದ್ದು. ಗುಂಡಿಯ ತಳದ ರಬ್ಬರ್ ಬಿರಡೆ ಹಳತಾಗಿ, ಅದರ ಅಂಚಿನಿಂದ ಒಂದೊಂದೇ ಹನಿ ಜಿನುಗುತ್ತಿತ್ತು. ಮೂಗು ಹತ್ತಿರ ತರುವುದೂ ಬೇಕಾಗಲಿಲ್ಲ. ಹೊಸ ಕುಸುಬಿ ಎಣ್ಣೆ.

ಅದು ನಮ್ಮ ಸೋದರಮಾವ ಕಳಿಸಿದ್ದು. ಮನೂರಿನ ಹತ್ತಿರ ಅವನ ಹೊಲ. ಈ ಸಲದ ಕುಸುಬಿ ಗಾಣಕ್ಕೆ ಹಾಕಿಸಿ, ದೊಡ್ಡ ತಗಡಿನ ಡಬ್ಬಿ ತುಂಬಿಸಿ, ಶೇರಿಂಗ್ ಆಟೋದಲ್ಲಿ ನಾರಾಯಣಖೇಡಕ್ಕೆ ತಂದುಕೊಟ್ಟಿದ್ದ. ಮುಚ್ಚಳ ಸಡಿಲವೆಂದು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಮನೆಗೆ ತಂದಿದ್ದೆ. ಹೊಸ ಎಣ್ಣೆ ಮೊದಲು ಬೀಗರ ಮನೆಗೆ ಹೋಗಬೇಕೆಂದು ಅವ್ವ ರವಿವಾರ ಅದನ್ನು ಡಿಕ್ಕಿಯಲ್ಲಿಟ್ಟು ತಾಂಡೂರಿಗೆ ಒಯ್ದಿದ್ದಳು.

"ಅವ್ವಾ! ನಿನಗ ಮಂಗಳವಾರನೇ ಗೊತ್ತಾಗಿತ್ತೇನು?"

ಅವ್ವ ಪರಾತ ತಿಕ್ಕುತ್ತಿದ್ದಳು, ನಾಲ್ಕನೆಯ ಸಲ. "ಕುಸುಬಿ ಎಣ್ಣಿ ವಾಸನಿ ಗೊತ್ತಾಗಂಗಿಲ್ಲೇನ? ನಾ ಏನ ನಿಮ್ಮಪ್ಪನೇನ?"

ಅಪ್ಪ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ, "ಗಾಡಿ ಮಾನ ಉಳೀತು, ತಡಿ ಬೀಗರಿಗಿ ಹೇಳ್ತೀನಿ" ಎಂದು ಫೋನು ತೆಗೆದ. ಅವ್ವ ಸಾಬೂನಿನ ಕೈಯಲ್ಲೇ ಅದನ್ನು ಕಿತ್ತುಕೊಂಡಳು.

"ಏನಂತ ಹೇಳ್ತೀರಿ? ನಾವು ನಿಮಗ ಕೊಟ್ಟ ಎಣ್ಣಿ ಹಾದ್ಯಾಗ ಸೋರಿ ಅರ್ಧಾ ಆಗಿತ್ತು, ಅದೇ ನಿಮ್ಮ ಕಲ್ಲಿನ ಮ್ಯಾಲ ಬಿದ್ದಾದ ಅಂತೀರೇನು? ಕೊಟ್ಟಿದ್ದರ ಬಗ್ಗೆ ಕೊಟ್ಟವರೇ ಬಾಯಿ ಬಿಡ್ತಾರೇನ್ರಿ? ಮಗಳು ಆ ಮನ್ಯಾಗ ಬಾಳಬೇಕು."

"ಮಗಳು ಗುರುವಾರ ಇಲ್ಲಿಗಿ ಬರೋದು ಬ್ಯಾಡೇನು ಮತ್ತ?"

ಅವ್ವ ಫೋನನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಕೊನೆಗೆ, ಗಾಡಿ ರಿಪೇರಿಯಾಯಿತು ಎಂದಷ್ಟೇ ಹೇಳುವ ಕರಾರಿನ ಮೇಲೆ ಫೋನು ಅಪ್ಪನ ಕೈಗೆ ಬಂತು. "ಬರ್ರಿ, ನಾನೂ ಒಂದ್ಸಲ ನೋಡ್ತೀನಿ" ಎಂದರು ಬೀಗರು. ಗುಂಡಿಯ ಎಣ್ಣೆಯನ್ನು ಅವ್ವ ಬಾಟಲಿಗೆ ಬಸಿದುಕೊಂಡಳು. ದೇವರ ದೀಪಕ್ಕಲ್ಲ, ಕರೆಂಟು ಹೋದಾಗಿನ ದೀಪಕ್ಕೆ. ಉಳಿದ ಜಿಡ್ಡಿಗೆ ಕಟ್ಟಿಗೆಯ ಪುಡಿ ಸುರಿದು, ಸಾಬೂನಿನ ನೀರಿನಿಂದ ತೊಳೆದು, ನಾನು ಹೊಸ ಬಿರಡೆ ಹಾಕಿದೆ.

ಗುರುವಾರ ತಾಂಡೂರಿನ ಅಂಗಳದಲ್ಲಿ ಬೀಗರು ಟ್ರಾಫಿಕ್ ಪೊಲೀಸರಂತೆ ಕೈ ಮಾಡಿ ಕಾರನ್ನು ನಿಲ್ಲಿಸಿದರು. ಹಳೆಯ ಕಲೆ ಇನ್ನೂ ತೆಳ್ಳಗೆ ಕಾಣುತ್ತಿತ್ತು. ಅದರ ಪಕ್ಕಕ್ಕೇ ನಿಲ್ಲಿಸಿ, ತಮ್ಮದೊಂದು ಬಿಳಿ ಧೋತರ ತಂದು ಕಾರಿನ ಕೆಳಗೆ ಹಾಸಿದರು. ನನ್ನ ರಟ್ಟಿಗಿಂತ ಅದು ಎಷ್ಟೋ ಮೇಲು ಎಂದು ಒಪ್ಪಿಕೊಳ್ಳಬೇಕು. ಊಟಕ್ಕೆ ಕೂತೆವು. ಬೀಗರು ಹೋಳಿಗೆಯ ಒಂದೊಂದು ತುತ್ತಿಗೂ ಬಾಗಿಲ ಕಡೆ ನೋಡುತ್ತಿದ್ದರು. ಅಕ್ಕ ಗಂಟು ಕಟ್ಟಿ, ತಲೆ ಬಾಚಿ, ಚಪ್ಪಲಿಯನ್ನೂ ಮೆಟ್ಟಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು.

ಊಟವಾಗಿ ಎಲ್ಲರೂ ಹೊರಗೆ ಬಂದೆವು. ಧೋತರದ ಮೇಲೆ ಒಂದು ಒದ್ದೆ ಗುರುತು! ಬೀಗರು ಮೊಣಕಾಲೂರಿ ಮುಟ್ಟಿದರು, ಮೂಸಿದರು.

"ಎಸಿ ನೀರು ಅದ್ರಿ ಅದು" ಎಂದ ಅಪ್ಪ, ಪರೀಕ್ಷೆ ಬರೆದ ಹುಡುಗನಂತೆ.

"ನೀರೇ. ಖರೆ." ಎದ್ದು ಮೊಣಕಾಲು ಜಾಡಿಸಿಕೊಂಡರು. "ಇವತ್ತ ಸೋರಿಲ್ಲ. ಏನ್ ರಿಪೇರಿ ಮಾಡಿದ್ರಿ?"

"ಇಂಜಿನ್ ಕೆಳಗಿನ ವಾಷರ್ ಹೊಸಾದು ಹಾಕೀನ್ರಿ."

ಬೀಗರು ಇಂಜಿನ್ ನೋಡಿದರು. ಹಳೆಯ ಕಲೆ ನೋಡಿದರು. ಕಲ್ಲಿಗೆ ಪಾಲಿಶ್ ಹಿಡಿಸುವ ದಂಧೆಯವರು, ಅಳತೆ ತಪ್ಪುವವರಲ್ಲ. "ಇಂಜಿನ್ ಮುಂದದ. ಅವತ್ತೂ ಗಾಡಿ ಹಿಂಗೇ ನಿಂತಿತ್ತು. ಕಲಿ ಹಿಂದ ಬಿದ್ದಾದ. ಹಿಂದಿನದು ಏನ್ ಮಾಡಿದ್ರಿ ಹೇಳ್ರಿ ಬೀಗರ, ನನ್ನ ಸಮಾಧಾನಕ್ಕ."

ಅಪ್ಪ ಅವ್ವನನ್ನು ನೋಡಿದ. ಅವ್ವ ಬೀಗರ ಮನೆಯ ತಲೆಬಾಗಿಲನ್ನು ನೋಡುತ್ತಿದ್ದಳು. ಅಕ್ಕನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾನು ಬಾಯಿ ತೆರೆದೆ. ಅವ್ವ ನನ್ನ ಕಾಲು ತುಳಿದಳು.

ಆಗ ಬೀಗತಿ, ಎಂದರೆ ಅಕ್ಕನ ಅತ್ತೆ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಆ ಕಲಿ ಮ್ಯಾಲ ನಾ ಅವತ್ತೇ ಜ್ವಾಳದ ಹಿಟ್ಟು ಉದುರ್ಸಿ ತಿಕ್ಕೀನಿ. ಗಾಡಿ ಎಣ್ಣಿ ಇದ್ರ ಹಿಟ್ಟು ಕರ್ರಗ ಆಗ್ತಿತ್ತು. ಆಗಲಿಲ್ಲ. ಆ ಹಿಟ್ಟು ಎಮ್ಮಿಗಿ ಹಾಕೀನಿ. ತಿಂದು, ಇನ್ನಾ ಬೇಕಂತ ನಿಂತಿತ್ತು."

"ಎಮ್ಮಿ ತಿಂತು?" ಎಂದರು ಬೀಗರು. "ಹಂಗಾದ್ರ ಏನದು?"

"ಏನೋ ಒಂದು. ಗಾಡೀದಂತೂ ಅಲ್ಲ." ಆಮೇಲೆ, ಆ ಮಾತಿಗೂ ಈ ಮಾತಿಗೂ ಏನೇನೂ ಸಂಬಂಧವಿಲ್ಲವೆಂಬಂತೆ, ಅವ್ವನ ಕಡೆ ತಿರುಗಿದರು. "ಬೀಗತಿ, ಕುಸುಬಿ ಎಣ್ಣಿ ಭಾಳ ಛಲೋ ಅದ ನೋಡ್ರಿ. ರೊಟ್ಟಿ ಜೋಡಿ ಅಗಸಿ ಹಿಂಡಿಗಿ ಹಾಕ್ಕೊಂಡು ದಿನಾ ಉಣ್ಲತ್ತೀವಿ. ಎಷ್ಟ ಕಳ್ಸಿರಿ! ಡಬ್ಬಿ ಬಾಯಿತನಕ ಇತ್ತು."

ಅವ್ವನ ಮುಖ ಅರಳಿತು. ಆ ಡಬ್ಬಿಯಿಂದ ಸೋರಿದ ಎಣ್ಣೆ ನಮ್ಮ ಮನೆಯಲ್ಲಿ ಬಾಟಲಿಯೊಳಗಿತ್ತು. "ಏನೋ ಸ್ವಲ್ಪ ಅಷ್ಟೇ ರಿ" ಎಂದಳು, ಬಹಳ ಸಂಕೋಚದಿಂದ.

ಬೀಗರು ಕಲೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ನಮ್ಮ ಡಿಕ್ಕಿಯನ್ನು ನೋಡಿದರು. ಮೀಸೆಯ ಕೆಳಗೆ ನಗು ಮೆಲ್ಲಗೆ ಬಂತು. ಬಗ್ಗಿ ಧೋತರವನ್ನು ಎಳೆದು ಮಡಿಸಿ ಹೆಗಲಿಗೆ ಹಾಕಿಕೊಂಡರು. "ಕೂಡವ್ವ, ಕೂಡ. ಹೊತ್ತಾಗ್ತದ" ಎಂದು ಅಕ್ಕನಿಗೆ ತಾವೇ ಬಾಗಿಲು ತೆಗೆದರು.

ಹೊರಡುವಾಗ ಬೀಗತಿ ಡಬ್ಬಿಯನ್ನು ತಂದರು. ಬಂದ ಪಾತ್ರೆ ಬರಿದಾಗಿ ಹಿಂದಕ್ಕೆ ಹೋಗಬಾರದು. ಎಣ್ಣೆಯನ್ನು ತೆಗೆದಿಟ್ಟುಕೊಂಡು, ತಿಕ್ಕಿ ತೊಳೆದು, ಬಾಣಂತಿಗೆಂದು ಮನೆಯ ಎಮ್ಮೆಯ ತುಪ್ಪ ತುಂಬಿಸಿದ್ದರು. ಬಿಸಿಲಿಗೆ ಅದು ನೀರಾಗಿ ಕುಲುಕುತ್ತಿತ್ತು. ಅದೇ ಡಬ್ಬಿ, ಅದೇ ಮುಚ್ಚಳ. ಮುಚ್ಚಳ ಸಡಿಲವೆಂಬುದು ಅವರಿಗೆ ಗೊತ್ತು, ನಮಗೆ ಗೊತ್ತು. ಕೊಡುವವರ ಎದುರಿಗೆ ಅದನ್ನು ಅನ್ನುವುದು ಹೇಗೆ? ಅವ್ವ ಎರಡೂ ಕೈಯಿಂದ ತೆಗೆದುಕೊಂಡು, ಡಿಕ್ಕಿಯನ್ನು ತೆಗೆದು ನಿಂತ ನನ್ನನ್ನು ಕಣ್ಣಿನಿಂದಲೇ ತಡೆದು, ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು.

ಊರು ದಾಟಿದ ಮೇಲೆ ಅಕ್ಕ ನಗಲು ಶುರುಮಾಡಿದಳು. "ಅತ್ತಿಯವರಿಗಿ ರವಿವಾರನೇ ಗೊತ್ತಿತ್ತು, ಈಗ ಹೊರಡೋ ಮುಂದ ನನ್ನ ಕಿವ್ಯಾಗ ಅಂದ್ರು. ಬೀಗರು ಕೊಟ್ಟಿದ್ದು ಸೋರ್ಯಾದಂತ ಹ್ಯಾಂಗ ಅನ್ನಲಿ ಅಂತ ಮಾವಗ ಹೇಳಿದ್ದಿಲ್ಲ. ಇವತ್ತ ನನ್ನ ಮಾರಿ ನೋಡಿ ಬಾಯಿ ಬಿಟ್ರು."

"ನಾ ಮೂರು ದಿನ ಗಾಡಿ ಕೆಳಗ ಮಲಗೀನಿ!" ಎಂದ ಅಪ್ಪ.

"ವಾಷರ್ ಹಳೇದು ಹಾಕಿದ್ರಿ, ಮಲಗ್ರಿ" ಎಂದಳು ಅವ್ವ, ಡಬ್ಬಿ ಅಲುಗದಂತೆ.

ಮನೆಗೆ ಬಂದ ಕೂಡಲೇ ನಾನು ಹೊಸ ರಟ್ಟು ಹಾಸಿದೆ. ಸ್ವಲ್ಪ ಹೊತ್ತಿಗೆ ನೋಡಿದಾಗ ನೀರಿನ ನಾಲ್ಕು ಹನಿ, ಬೇರೇನೂ ಇಲ್ಲ. ಹಾಗೆಂದು ಬರೆದೆ. ಕಲೆ ಈ ಸಲ ಬೇರೆ ಕಡೆ ಬಿದ್ದಿತ್ತು: ಅವ್ವನ ಹಸಿರು ರೇಷ್ಮೆಯ ಸೀರೆಯ ಮೇಲೆ, ತೊಡೆಯಿಂದ ಮೊಣಕಾಲಿನ ತನಕ. ಒಳಕೋಣೆಯ ಮಂಚದ ಮೇಲೆ ಅಕ್ಕ ಬಿದ್ದು ನಗುತ್ತಿದ್ದಳು. ಅವ್ವ ಸೀರೆಯನ್ನೂ ಬದಲಿಸದೆ, ಅಕ್ಕನ ಬಾಯಿಗೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ತಾಂಡೂರಿಗೆ ಮಾತಾಡುತ್ತಿದ್ದಳು.

"ಮುಟ್ಟೀವ್ರಿ ಬೀಗತಿ, ಆರಾಮ ಮುಟ್ಟೀವಿ. ತುಪ್ಪ ಭಾಳ ಛಲೋ ಅದ ನೋಡ್ರಿ. ಡಬ್ಬಿ ಬಾಯಿತನಕ ಇತ್ತು."